ಮಗ್ಗದ ತಾಳಕ್ಕೆ ಕಲಿತ ಇಂಗ್ಲಿಷು

ಪ್ರತಿಯೊಂದು ಮನೆಗೂ ತನ್ನದೇ ಆದ ಒಂದು ಸದ್ದಿರುತ್ತದೆ. ಆ ಮನೆಯವರನ್ನು ಬಿಟ್ಟು ಉಳಿದೆಲ್ಲರಿಗೂ ಅದು ಕೇಳಿಸುತ್ತದೆ. ಅಕ್ಕಸಾಲಿಗರ ಮನೆಯಲ್ಲಿ ಪುಟ್ಟ ಸುತ್ತಿಗೆಯ ಟಿಕಟಿಕೆ, ವಕೀಲರ ಮನೆಯಲ್ಲಿ ಗಂಭೀರವಾದ ಕೆಮ್ಮು, ಹೊಸ ಪದವೀಧರನಿರುವ ಮನೆಯಲ್ಲಿ ಅವನ ಭಾಷಣ. ಧಾರವಾಡದಿಂದ ಪದವಿಯನ್ನು ಹೊತ್ತು ನಾನು ಗಜೇಂದ್ರಗಡಕ್ಕೆ ಮರಳಿದ ಮೇಲೂ ನಮ್ಮ ಮನೆಯವರು ನೆಮ್ಮದಿಯಾಗಿ ಉಳಿದಿದ್ದರೆ, ಆ ಪುಣ್ಯ ನನ್ನ ವಾಗ್ಝರಿಯನ್ನು ಆಗಿಂದಾಗಲೇ ಮುಳುಗಿಸುತ್ತಿದ್ದ ಕುಣಿಮಗ್ಗಕ್ಕೆ ಸೇರಬೇಕು. ಗುಡ್ಡದ ನೆರಳು ನಮ್ಮ ಓಣಿಯಿಂದ ಸರಿಯುವ ಮೊದಲೇ ಅಣ್ಣ ಕುಣಿಯೊಳಗೆ ಕಾಲಿಳಿಬಿಟ್ಟು ಕೂಡುತ್ತಿದ್ದ. ಲಾಳಿ ಹಾರುತ್ತಿತ್ತು, ನೂಲು ಬಿಗಿಯುವ ಹಣಿಗೆ ಬಡಿಯುತ್ತಿತ್ತು, ಮುಂಜಾವಿನ ಕನಸು ಬೆಳೆದಂತೆ ಯಾರಿಗೂ ಗೊತ್ತಾಗದೆ ಸೀರೆ ಬೆಳೆಯುತ್ತಿತ್ತು.

ಆಗ ನಾವು ಮುಂಬಯಿ ರಾಜ್ಯದವರು. ಎಂಟನೆಯ ಇಯತ್ತೆಗಿಂತ, ಎಂದರೆ ಎಂಟನೆಯ ತರಗತಿಗಿಂತ ಮೊದಲು ಮಕ್ಕಳಿಗೆ ಇಂಗ್ಲಿಷು ಬೇಡವೆಂದು ಸರಕಾರ ತೀರ್ಮಾನಿಸಿತ್ತು. ತಾಯ್ನುಡಿಯ ಅಭಿಮಾನದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಆದರೂ ತೀರ್ಮಾನ ಮಾಡುವವರು ತಮ್ಮ ಸ್ವಂತ ಮಕ್ಕಳನ್ನು ಯಾವ ಸಾಲೆಗೆ ಕಳಿಸುತ್ತಾರೆಂದು ಕೇಳುವ ಹಕ್ಕು ಪ್ರಜೆಗೆ ಇದೆಯೋ ಇಲ್ಲವೋ? ನಮ್ಮ ಓಣಿಯ ಹುಡುಗಿಯರಲ್ಲಿ ಎಂಟನೆಯ ಇಯತ್ತೆಯ ಬಾಗಿಲು ಕಂಡವಳು ಒಬ್ಬಳೂ ಇರಲಿಲ್ಲ. ಹಾಗಿರುವಾಗ ‘ಎಂಟರಿಂದ’ ಎಂಬ ಮಾತಿಗೆ ನಮ್ಮ ಓಣಿಯಲ್ಲಿ ‘ಎಂದಿಗೂ ಇಲ್ಲ’ ಎಂದೇ ಅರ್ಥವಾಗುತ್ತದೆ; ಈ ಅರ್ಥಕ್ಕೆ ಯಾರು ಉತ್ತರ ಹೇಳಬೇಕು?

ಉತ್ತರ ಬರುವವರೆಗೆ ಕಾಯಲು ಅಣ್ಣನ ಮಗಳು ನೀಲಿಗೆ ವೇಳೆಯಿರಲಿಲ್ಲ. ಗದಗಿನಲ್ಲಿ ಆಕೆಯ ತಾಯಿಯ ತಂಗಿ ಚಿಗವ್ವನ ಮನೆಯ ಹಿಂದೆ ಒಂದು ಖಾಸಗಿ ಸಾಲೆಯಿತ್ತು. ಮೊದಲ ತರಗತಿಯಿಂದಲೇ ಇಂಗ್ಲಿಷು. ಏಳು ತುಂಬಿದ ಮಕ್ಕಳನ್ನು ಅಲ್ಲಿ ಮೊದಲ ತರಗತಿಗೆ ಸೇರಿಸಿಕೊಳ್ಳುತ್ತಿರಲಿಲ್ಲ, ನೀಲಿಗೆ ಶ್ರಾವಣದಲ್ಲಿ ಏಳು ತುಂಬುತ್ತಿತ್ತು. ಜೂನಿನ ಮಿರಗದ ಮಳೆ ಕೂಡುವ ಹೊತ್ತಿಗೆ ಮುಖ್ಯೋಪಾಧ್ಯಾಯಿನಿಯ ಎದುರು ನಿಂತು ನಾಲ್ಕು ಇಂಗ್ಲಿಷು ಪದಗಳನ್ನು ಆಕೆ ಓದಿ ತೋರಿಸಬೇಕು. ತೋರಿಸಿದರೆ ಸಾಲೆ, ಇಲ್ಲದಿದ್ದರೆ ಜೀವಮಾನವಿಡೀ ಲಾಳಿಯ ಕಂಡಿಕೆಗೆ ನೂಲು ಸುತ್ತುವುದು.

ಅಕ್ಷರಗಳ ಹೆಸರನ್ನು ಉರು ಹೊಡೆಸದೆ ಅವುಗಳ ಧ್ವನಿಯನ್ನೇ ಕಲಿಸಬೇಕೆಂಬ ಶಾಸ್ತ್ರೀಯ ಸಂಕಲ್ಪದೊಂದಿಗೆ ನಾನು ಸ್ಲೇಟು ಹಿಡಿದು ಕುಳಿತೆ. ‘ಸಿ’ ಎಂಬ ಹೆಸರಿನ ಅಕ್ಷರವು ‘ಕ್’ ಎಂದು ನುಡಿಯುತ್ತದೆಂದು ನಾನು ಘೋಷಿಸಿದಾಗ ನೀಲಿ ಸ್ಲೇಟಿನಿಂದ ತಲೆಯೆತ್ತಿದಳು.

“ನಮ್ಮ ಎಮ್ಮಿ ಹೆಸರ ಗೌರಿ. ಆದ್ರ ಅದು ಗೌರಿ ಅಂತ ಒದರೂದಿಲ್ಲ. ಹಂಗೇನು ಕಾಕಾ?”

“ಖರೇ ಹಂಗ!” ಎಂದೆ. ಒಳಗಿನಿಂದ ನೀಲಿಯ ತಾಯಿ, ನನ್ನ ವೈನಿ, ದನಿಗೂಡಿಸಿದರು: “ಇಂಗ್ಲಿಷ್ ಕಲ್ತ ನೀವ ಮನ್ಯಾಗ ಖಾಲಿ ಕುಂತೀರಿ. ಈಕಿಗೂ ಕಲಿಸಿ ಜೋಡಿ ಕುಂದ್ರಸ್ತೀರೇನು?” ನಾನು ಪದವೀಧರನಿಗೆ ತಕ್ಕ ಗಾಂಭೀರ್ಯದಿಂದ ಸ್ಲೇಟು ಒರೆಸಿದೆ.

ಧ್ವನಿಗಳೇನೋ ಬಂದವು, ಬಾಲ ಮಾತ್ರ ಹೋಗಲಿಲ್ಲ. ನಮ್ಮ ಸೀಮೆಯ ನಾಲಗೆ ಯಾವ ವ್ಯಂಜನವನ್ನೂ ಬರಿಗೈಯಲ್ಲಿ ಹೊರಗೆ ಕಳಿಸುವುದಿಲ್ಲ. ಹೋಗುವಾಗ ಒಂದು ‘ಅ’ಕಾರವನ್ನಾದರೂ ಬುತ್ತಿ ಕಟ್ಟಿಕೊಡುತ್ತದೆ. ‘ಕ್ಯಾಟ್’ ಎಂದರೆ ‘ಕ್ಯಾಟ’, ‘ಬಸ್’ ಎಂದರೆ ‘ಬಸ್ಸ’. ಇದನ್ನು ಬಿಡಿಸುವ ಉಪಾಯ ನನಗೆ ಹೊಳೆದದ್ದು ಮಗ್ಗದ ಪಕ್ಕದಲ್ಲಿ ಕುಳಿತಾಗಲೇ. ಅಣ್ಣ ಕಾಲೊತ್ತಿದಾಗ ‘ಕ್’, ಲಾಳಿ ಹಾರುವಾಗ ‘ಆ್ಯ’, ಹಣಿಗೆ ಬಡಿದ ಕ್ಷಣದಲ್ಲಿ ‘ಟ್’. ಆ ಏಟಿಗೆ ಬಾಲ ಅಲ್ಲೇ ಕತ್ತರಿಸಿ ಬೀಳುತ್ತಿತ್ತು! ಅಂದಿನಿಂದ ನಮ್ಮ ಪಾಠಶಾಲೆ ಮಗ್ಗದ ಮಗ್ಗುಲಿಗೆ ಸ್ಥಳಾಂತರಗೊಂಡಿತು. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ನೀಲಿ ಗೋಡೆಗೊರಗಿ, ಮಡಿಲ ಸ್ಲೇಟನ್ನು ನೋಡುತ್ತ, ಅರೆಗಣ್ಣಾಗಿ ಪದಗಳನ್ನು ನುಡಿಯುತ್ತಿದ್ದಳು. ಬೆಕ್ಕು, ಟೊಪ್ಪಿಗೆ, ಕೋಳಿ, ಸೂರ್ಯ ಇವೆಲ್ಲ ಪರದೇಶದ ವೇಷ ತೊಟ್ಟು ಒಂದೊಂದಾಗಿ ಆ ಸೀರೆಯೊಳಗೆ ನೇಯ್ದು ಹೋಗುತ್ತಿವೆಯೆಂದು ನನಗೆ ಭಾಸವಾಗುತ್ತಿತ್ತು. ಯಾವ ದೇಶದ ಯಾವ ಹೆಂಗಸು ಆ ಸೀರೆಯನ್ನು ಉಟ್ಟಳೋ, ನಡೆಯುವಾಗ ಆಕೆಯ ನಿರಿಗೆಗಳು ಏನು ಪಿಸುಗುಟ್ಟಿದವೋ!

ಗದಗಿಗೆ ಹೊರಟ ದಿನ ಬಸ್ಸಿನ ಕಿಟಕಿಗೆ ಕರಿಮಣ್ಣಿನ ಹೊಲಗಳು ಒಂದರ ಹಿಂದೊಂದು ಬಂದು ಹೋದವು. ಬಸ್ಸು ತನ್ನ ಸಕಲ ಅಂಗಾಂಗಗಳಿಂದ ಗಡಗಡಿಸುತ್ತಿತ್ತು. ಆ ಗಡಗಡಕ್ಕೆ ತಾಳ ಹಾಕಿ ನೀಲಿ ಕಲಿತದ್ದನ್ನೆಲ್ಲ ಓದಿ ಒಪ್ಪಿಸಿದಳು, ಒಂದಕ್ಕೂ ಬಾಲವಿಲ್ಲ. ನಾನು ಸುತ್ತಲಿನ ಪ್ರಯಾಣಿಕರನ್ನು ವಿಜಯಿಯಂತೆ ನೋಡಿದೆ. ರೋಣದಲ್ಲಿ ಡ್ರೈವರ್ ಇಂಜಿನ್ ಆರಿಸಿ ಚಹಾಕ್ಕೆ ಇಳಿದ. ನೀಲಿಯ ಬಾಯಿ ಮುಚ್ಚಿತು. “ಮುಂದಿಂದು ಹೇಳವಾ” ಎಂದೆ.

“ಹ್ಯಾಂಗ ಹೇಳ್ಲಿ ಕಾಕಾ? ಮಗ್ಗ ನಿಂತೈತಲ್ಲ.”

ಶುದ್ಧ ಉಚ್ಚಾರದ ಉತ್ಸಾಹದಲ್ಲಿ, ಜಗತ್ತಿನಲ್ಲಿ ಮೌನವೆಂಬುದೊಂದಿದೆ ಎಂಬ ಸಂಗತಿಯೇ ನಮ್ಮ ಮನೆಯಲ್ಲಿ ಯಾರಿಗೂ ನೆನಪಾಗಿರಲಿಲ್ಲ.

ಗದಗಿನ ಸಾಲೆಯಲ್ಲಿ ಆ ಮೌನ ಹೇರಳವಾಗಿತ್ತು. ಬೇಸಿಗೆಯ ಸೂಟಿ ಇನ್ನೂ ಮುಗಿದಿರಲಿಲ್ಲ. ಖಾಲಿ ಕೋಣೆಗಳು, ಸುಣ್ಣದ ವಾಸನೆ, ಅಂಗಳದಲ್ಲಿ ಒಂದು ಬೇವಿನ ಮರ. ನೆರೆಗೂದಲಿನ ಮುಖ್ಯೋಪಾಧ್ಯಾಯಿನಿ ಪುಸ್ತಕ ತೆರೆದು ಪದದ ಮೇಲೆ ಬೆರಳಿಟ್ಟರು. ನೀಲಿ ಪದವನ್ನು ನೋಡಿದಳು, ಅವರನ್ನು ನೋಡಿದಳು, ತುಟಿ ಬಿಚ್ಚಲಿಲ್ಲ. ನಾನು ಎದ್ದು ನಿಂತೆ. ರಾಜ್ಯದ ಶಿಕ್ಷಣನೀತಿ, ನೇಕಾರರ ಬವಣೆ, ಈ ಮಗುವಿನ ಮೌನಕ್ಕೆ ಹೊಣೆಗಾರರು ಯಾರೆಂಬ ಪ್ರಶ್ನೆ ಇವು ಮೂರೂ ಏಕಕಾಲಕ್ಕೆ ನನ್ನ ಬಾಯಿಂದ ಹೊರಟವು.

“ಹೊಣೆಗಾರರು ಯಾರರೆ ಇರ್ಲಿ, ನೀವೊಂದೀಟು ಕುಂದರ್ರಿ. ನಿಮ್ಮ ಮಾತಿನ್ಯಾಗ ಆಕಿಗೆ ಜಾಗಾನ ಸಿಗವಲ್ದು” ಎಂದರು ಆಕೆ.

ನಾನು ಕುಳಿತೆ. ಆಗ ನೀಲಿ ಮೆಲ್ಲಗೆ ಕೇಳಿದಳು: “ಅಕ್ಕಾರ, ನಿಮ್ಮ ಸಾಲ್ಯಾಗ ಸಪ್ಪಳ ಇರೂದಿಲ್ಲೇನ್ರಿ?”

“ಸಪ್ಪಳಾ? ಸೋಮವಾರ ಬಂದು ನೋಡು. ಹುಡುಗರು ಛಾವಣಿ ಹಾರಸ್ತಾವ.”

“ಹಂಗಾರ ನಾ ಸೋಮವಾರ ಹೇಳ್ತೇನ್ರಿ.”

ಆಕೆ ಪುಸ್ತಕ ಮುಚ್ಚಿದರು. ನಗುತ್ತಿದ್ದರೋ ಇಲ್ಲವೋ, ಕನ್ನಡಕದ ಹೊಳಪಿನಲ್ಲಿ ತಿಳಿಯಲಿಲ್ಲ. “ಆತು. ಹುಡುಗರೊಳಗ ಕುಂದ್ರಲಿ, ಆವಾಗ ಕೇಳ್ತೇನಿ. ಆವಾಗೂ ಬಾಯಿ ಬಿಡಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ, ನೋಡ್ರಿ.”

ಸೋಮವಾರ ನಾನು ಅಂಗಳದಲ್ಲಿ ನಿಂತಿದ್ದೆ. ಮೋಡ ಕವಿದಿತ್ತು, ಮಳೆಯ ಮೊದಲ ಹನಿಗಳು ಬೀಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದವು. ಒಳಗೆ ಬೆಂಚುಗಳು ಸರಿದವು, ಸ್ಲೇಟುಗಳು ಬಡಿದವು, ಮಕ್ಕಳ ಗುಂಪೊಂದು ಒಮ್ಮೆಲೇ ದನಿ ಎತ್ತಿ ಓದತೊಡಗಿತು. ಬಹಳ ಹೊತ್ತಿನ ಮೇಲೆ ಮುಖ್ಯೋಪಾಧ್ಯಾಯಿನಿ ಪಡಸಾಲೆಗೆ ಬಂದರು.

“ನಿಮ್ಮ ಹುಡುಗಿನ್ನ ಸುಮ್ಮನ ಕುಂದ್ರಸೂದು ಇನ್ನ ನನ್ನ ಕೆಲಸ. ನೀವು ಊರಿಗೆ ನಡೀರಿ.”

ಒಬ್ಬ ಹುಡುಗಿಗೆ ಬಾಗಿಲು ತೆರೆದ ಮಾತ್ರಕ್ಕೆ ಓಣಿಗೆ ಉತ್ತರ ಸಿಕ್ಕಂತಾಗಲಿಲ್ಲ. ಆ ಪ್ರಶ್ನೆಯನ್ನು ನಾನು ಹಿಂತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಆದರೆ ಅಂದು ಊರಿಗೆ ನಡೆಯಿರಿ ಎಂದ ಮೇಲೂ ನಾನು ಬೇವಿನ ಕೆಳಗೆ ನಿಂತೇ ಇದ್ದೆ. ಅಷ್ಟೊಂದು ಮಕ್ಕಳ ಆ ಅಮೋಘ ಗದ್ದಲದೊಳಗೆ ನಮ್ಮ ನೀಲಿಯ ದನಿ ಯಾವುದೆಂದು ಕಿವಿಗೊಟ್ಟು ಹುಡುಕಿದೆ, ಹನಿಗಳು ದಪ್ಪಗಾಗುವವರೆಗೂ ಹುಡುಕಿದೆ. ಎಷ್ಟು ಹುಡುಕಿದರೂ ಬೇರೆಯಾಗಿ ಸಿಗಲಿಲ್ಲ.