ನಕ್ಷೆಯಲ್ಲಿಲ್ಲದ ಕೋಣೆ

ಬೀದಿಯವರೆಲ್ಲ ಫೋಟೋದವನು ಎಂದೇ ಕರೆಯುತ್ತಿದ್ದ ಆ ಮನುಷ್ಯ ಮೂವತ್ತು ವರ್ಷದಿಂದ ತೆಗೆಯುತ್ತ ಬಂದದ್ದು ಒಂದೇ ಬಗೆಯ ಫೋಟೋ: ನೀಲಿ ಪರದೆ, ಅದರ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಪಾಸ್‌ಪೋರ್ಟಿಗೋ ಲೈಸೆನ್ಸಿಗೋ ಮುಖ ಕೊಡಲು ಬಂದವರು. ಗಲ್ಲ ಕೆಳಗೆ ಎಂದರೆ ಎಂಥ ದೊಡ್ಡವರೂ ಗಲ್ಲ ಇಳಿಸುತ್ತಿದ್ದರು. ಅವನ ಮಾತಿಗೆ ಸೊಪ್ಪು ಹಾಕದವರೆಂದರೆ ಮನೆಯಲ್ಲಿದ್ದ ಅತ್ತೆ ಒಬ್ಬರೇ. ಎಂಬತ್ತೆರಡು ವರ್ಷ, ಎರಡು ಮಂಡಿಯೂ ನೋವು. ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ.

ಶಾಲೆಯ ಆಟದ ಬಯಲಿನ ಅಡಿಯಲ್ಲಿ ಯುದ್ಧಕಾಲದ ನೆಲಮಾಳಿಗೆಯೊಂದಿತ್ತು. ಬಾಂಬು ಬೀಳುವ ದಿನಗಳಲ್ಲಿ ಜನ ಅಡಗುತ್ತಿದ್ದ ಜಾಗ, ಆಮೇಲೆ ಬೀಗ ಬಿದ್ದು ಮರೆತೇಹೋಗಿತ್ತು. ಈಗ ಪುರಸಭೆ ಅದನ್ನು ಮಣ್ಣು ತುಂಬಿ ಮುಚ್ಚಲು ಹೊರಟಿತು. ಅದಕ್ಕೂ ಮೊದಲು ದಾಖಲೆಗೆಂದು ಕೋಣೆಗೊಂದು ಫೋಟೋ ತೆಗೆಯುವ ಕೆಲಸ ಇವನ ಪಾಲಿಗೆ ಬಂತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು. ಆರು ವರ್ಷದ ಹುಡುಗಿಯಾಗಿ ಅಲ್ಲಿ ಕೂತಿದ್ದವಳು ತಾನು, ಒಳಗಿನ ದಾರಿ ತನಗೇ ಗೊತ್ತು ಎಂಬುದು ಅವರ ವಾದ.

"ಕರ್ಕೊಂಡ್ ಹೋಗಿ. ನನ್ನ ಕಿವಿಗೂ ಅರ್ಧ ದಿನ ರಜೆ ಸಿಗುತ್ತೆ," ಎಂದಳು ಹೆಂಡತಿ.

ಮೂವತ್ತೆರಡು ಮೆಟ್ಟಿಲು, ಕೆಳಗೆ ಜಾರುವ ಕೆಸರು. ಲೆನ್ಸ್ ಒರೆಸಿದಷ್ಟೂ ಮಂಜು ಕಟ್ಟುತ್ತಿತ್ತು. ಆ ಕತ್ತಲಲ್ಲಿ ಒಂದು ಫೋಟೋ ಮೂಡಬೇಕಾದರೆ ಕ್ಯಾಮೆರಾ ಅರ್ಧ ನಿಮಿಷ ಕಣ್ಣು ಬಿಟ್ಟು ಕಾಯಬೇಕು. ಸರಿಯಾಗಿ ಆ ಹೊತ್ತಿಗೇ ಅತ್ತೆ ಟಾರ್ಚು ಹಿಡಿದು ಅಡ್ಡ ಹಾಯುತ್ತಿದ್ದರು. ನೋಡಿದರೆ ಕೋಣೆಯ ಬದಲು ಬರೀ ಬಿಳಿ ಗೀರು.

"ಅತ್ತೆ, ದಮ್ಮಯ್ಯ, ಒಂದ್ ಕಡೆ ನಿಂತ್ಕೊಳ್ಳಿ."

"ನಾನು ನಿಂತೇ ಇದೀನಿ ಅಳಿಯಂದ್ರೇ. ಓಡಾಡ್ತಿರೋದು ಟಾರ್ಚು."

ಹಲ್ಲು ಕಚ್ಚಿಕೊಂಡು ಮೂರು ಕೋಣೆ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಸ್ಟ್ಯಾಂಡ್ ಮಡಚುತ್ತಿದ್ದಾಗ ಅತ್ತೆ, ಇನ್ನೊಂದು ಉಳಿದಿದೆ ಎಂದರು. ಅವನು ಪುರಸಭೆಯ ನಕ್ಷೆ ತೋರಿಸಿದ, ಮೂರೇ ಕೋಣೆ. ಅವರು ನಕ್ಷೆಯ ಕಡೆ ನೋಡಲೂ ಇಲ್ಲ. ಗೋಡೆಗೆ ಒರಗಿಸಿದ್ದ ಹಲಗೆಗಳನ್ನು, ಊರಿಕೊಂಡು ಬಂದಿದ್ದ ಕೊಡೆಯಿಂದ ಕುಟ್ಟತೊಡಗಿದರು. ಅವರ ಬಾಯಿ ಮುಚ್ಚಿಸಲೆಂದೇ ಅವನು ಹಲಗೆ ಸರಿಸಿದ. ಹಿಂದೆ ತುಕ್ಕು ಹಿಡಿದ ಬಾಗಿಲಿತ್ತು. ಭುಜ ಕೊಟ್ಟು ನೂಕಿದರೆ ಒಳಗೆ ಪುಟ್ಟ ಕೋಣೆ, ಒಂದು ಗಿಡ್ಡ ಬೆಂಚು, ಗೋಡೆಯಿಂದ ಗೋಡೆಗೆ ಎಳೆದ ತಂತಿ, ತಂತಿಯ ಮೇಲೆ ಬಟ್ಟೆ ಸಿಕ್ಕಿಸುವ ಐದು ಮರದ ಕ್ಲಿಪ್ಪು.

ಅಳುವ ಕೂಸುಗಳನ್ನೂ ತಾಯಂದಿರನ್ನೂ ಇಲ್ಲಿ ಕೂರಿಸುತ್ತಿದ್ದರಂತೆ. ನೀವು ಆಗ ಕೂಸಲ್ಲವಲ್ಲ ಎಂದು ಅವನು ಕೇಳಿದ.

"ನಾನೆಲ್ಲಿ ಅಳ್ತಿದ್ದೆ, ಮಾತಾಡ್ತಿದ್ದೆ. ಆಚೆಯವರು ತಡೀಲಾರ್ದೆ ಇಲ್ಲಿಗೆ ತಳ್ಳಿದ್ರು. ಅಮ್ಮನೂ ಎದ್ದು ಬಂದು ನನ್ ಪಕ್ಕ ಕೂತ್ಲು."

ಆಚೆಯವರ ಸಂಕಟ ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಆದರೆ ಬೆಂಚಿನ ಮೇಲೆ ಕೂತ ಅತ್ತೆ ಸುಮ್ಮನಾಗಿಬಿಟ್ಟರು. ಅವನು ಸದ್ದಿಲ್ಲದೆ ಸ್ಟ್ಯಾಂಡ್ ಬಿಡಿಸಿದ. ಅರ್ಧ ನಿಮಿಷ ಅವರು ಅಲುಗಲಿಲ್ಲ.

ಮರುದಿನ ಪುರಸಭೆಯ ಗುಮಾಸ್ತ ನಾಲ್ಕು ಫೋಟೋ ನೋಡಿ ಒಂದನ್ನು ಹಿಂದಕ್ಕೆ ತಳ್ಳಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. "ಈ ಕೋಣೆ ನಕ್ಷೇಲಿಲ್ಲ. ಈ ಅಜ್ಜೀನೂ ನಕ್ಷೇಲಿಲ್ಲ."

ಆ ಒಂದನ್ನು ಜೇಬಿಗೆ ಹಾಕಿಕೊಂಡು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವನಿಗೆ ಕೋಪ ನೆತ್ತಿಗೇರಿತ್ತು. "ಹಾಗಾದ್ರೆ ಬಂದು ನೋಡಿ," ಎಂದುಬಿಟ್ಟ.

ಗುಮಾಸ್ತ ಪಾಲಿಶ್ ಮಾಡಿದ ಬೂಟು ಹಾಕಿಕೊಂಡೇ ಬಂದ. ಜೊತೆಗೇ ಇಳಿದ ಅತ್ತೆ ಅವನನ್ನು ಬೆಂಚಿನ ಮೇಲೆ ಕೂರಿಸಿಕೊಂಡರು. ಒಂದು ಗಂಟೆಯ ನಂತರ ಅವನು ಕೆಸರುಗಾಲಲ್ಲಿ ಮೇಲೆ ಬಂದು, ಫೈಲಿನಲ್ಲಿ ಮೂರನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದ.

ಅಲ್ಲಿಂದ ಶುರುವಾಯಿತು ಫೋಟೋದವನ ಪಾಡು. ನಕ್ಷೆ ಹೊಸದಾಗುವವರೆಗೆ ಮಣ್ಣು ತುಂಬುವಂತಿಲ್ಲ. ನಕ್ಷೆ ಹೊಸದಾಗಲು ತಿಂಗಳಿಗೊಬ್ಬ ಅಧಿಕಾರಿ ಬಂದು ನೋಡಬೇಕು. ಬಂದವರಿಗೆಲ್ಲ ಹೊಸ ಫೋಟೋ ಬೇಕು. ವರ್ಷ ಎರಡಾದರೂ ನೆಲಮಾಳಿಗೆ ಹಾಗೇ ಇದೆ. ಯಾಕೆ ಪದೇಪದೇ ಅಂಗಡಿ ಮುಚ್ಚುತ್ತೀರಿ ಎಂದು ಗಿರಾಕಿಗಳು ಕೇಳಿದರೆ, ನಮ್ಮ ಅತ್ತೆಯನ್ನೇ ಕೇಳಿ ಎಂದು ಸಿಡುಕುತ್ತಾನೆ. ಕೇಳಲು ಹೋದವರು ಅಷ್ಟು ಬೇಗ ವಾಪಸು ಬರುವುದಿಲ್ಲ.