ಮಗ್ಗಲಮನಿ ಹುಡುಗಿ

ನಿನ್ನೆ ಮಗಳು ಗೋಬಿ ಮಂಚೂರಿ ಮಾಡಲು ವಿನೆಗರ್ ಬಾಟಲಿ ತೆರೆದಳು, ನಾನು ಎದ್ದು ಹೊರಗೆ ಬಂದೆ. ನಿಮಗೆ ಆ ವಾಸನೆಯಿಂದ ಬಾಯಲ್ಲಿ ನೀರೂರಬಹುದು. ನನಗೆ ನೆನಪಾಗುವುದು ಆಸ್ಪತ್ರೆಯ ಹಸಿರು ಪರದೆ.

ನಾನು ಹನುಮಸಾಗರದಲ್ಲಿ ಅಂಗನವಾಡಿ ಟೀಚರ್. ಎರಡು ವರ್ಷದ ಹಿಂದೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆಂದು ಓಣಿಯ ಹನ್ನೊಂದು ಹೆಂಗಸರನ್ನು ಊರಿನ ಸರ್ಕಾರಿ ಆಸ್ಪತ್ರೆಗೆ ಹೊರಡಿಸಿಕೊಂಡು ಹೋಗಿದ್ದೆ. ಅಲ್ಲಿಗೆ ಹೋದ ಮೇಲೆ ಒಬ್ಬರೂ ಮೊದಲು ಒಳಗೆ ಹೋಗಲೊಲ್ಲರು. ಮಕ್ಕಳಿಗೆ ಔಷಧಿ ಕುಡಿಸುವಾಗ ಮೊದಲು ನಾನೇ ಒಂದು ಹನಿ ನೆಕ್ಕಿ ತೋರಿಸುತ್ತೇನಲ್ಲ, ಅದೇ ಗತ್ತಿನಲ್ಲಿ ಹೋಗಿ ಮಲಗಿದೆ. ಸಿಸ್ಟರ್ ವಿನೆಗರಿನಂಥದ್ದೇನೋ ಹಚ್ಚಿ, ತುಸು ಕಾದು, ಬ್ಯಾಟರಿ ಬೆಳಕು ಬಿಟ್ಟು ನೋಡಿದರು.

"ಟೀಚರ್ರ, ಬಿಳಿ ಕಲೆ ಕಾಣಾಕತ್ತೈತ್ರಿ. ಕೊಪ್ಪಳಕ್ಕ ಹೋಗಬೇಕಾಗತೈತಿ."

ಸೀರೆ ಸರಿಮಾಡಿಕೊಂಡು ಹೊರಗೆ ಬಂದು, "ಏನೂ ನೋವಾಗಂಗಿಲ್ಲ, ಹೋಗ್ರಿ" ಎಂದೆ. ಹನ್ನೊಂದು ಮಂದಿಯದೂ ಸರಿಯಿತ್ತು.

ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದು ಎಂದು ರಿಪೋರ್ಟ್ ಬಂತು. ಒಂದೇ ಮನೆಯಲ್ಲಿ ಕೂಡಿ ಇರುವ ಭಾವನವರ ಹೆಂಡತಿ ಶಾಂತಕ್ಕ, "ಚೀಲಾನ ತೆಗಿಸಿಬಿಡವಾ, ನಾ ತೆಗಿಸಿಲ್ಲೇನು?" ಎಂದಳು. ಚೀಲವೆಂದರೆ ನಮ್ಮ ಕಡೆ ಗರ್ಭಕೋಶ. ಬಿಳಿ ಸೆರಗಿಗೆಂದು ಯಾವುದೋ ನರ್ಸಿಂಗ್ ಹೋಮಿನಲ್ಲಿ ಆಕೆಯದನ್ನು ಇಪ್ಪತ್ತೆಂಟನೇ ವಯಸ್ಸಿಗೇ ತೆಗೆದಿದ್ದರು. ನಮ್ಮ ಓಣಿಯಲ್ಲಿ ಇದು ಹಲ್ಲು ಕೀಳಿಸಿದಷ್ಟು ಸಲೀಸು. ಗಂಡನನ್ನು ಕೇಳಿದರೆ, "ನೀ ಹೆಂಗಂತಿ ಹಂಗ" ಎಂದು ಮೊಬೈಲಿನಲ್ಲಿ ಮುಖ ಹುದುಗಿಸಿದರು. ನನಗೆ ಹೆದರಿಕೆ ಎಷ್ಟಿತ್ತೆಂದರೆ, ತೆಗೆಸಿಯೇ ಬಿಡುವುದೆಂದು ಶಾಂತಕ್ಕನನ್ನು ಕಟ್ಟಿಕೊಂಡು ಮತ್ತೆ ಕೊಪ್ಪಳಕ್ಕೆ ಹೋದೆ.

ಡಾಕ್ಟರಮ್ಮ ನಕ್ಕರು. "ಇಷ್ಟಕ್ಕ ಚೀಲ ಯಾಕ್ರಿ? ಕೆಟ್ಟ ಚೂರಷ್ಟ ತೆಗೀತೀನಿ, ಸಂಜಿಗೆ ಮನಿಗೆ ಹೋಗ್ತೀರಿ. ವರ್ಷಾ ವರ್ಷಾ ತೋರಿಸೋದು ಮಾತ್ರ ತಪ್ಪಿಸಬ್ಯಾಡ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಶಾಂತಕ್ಕ ಕೇಳಿದಳು: "ಮೇಡಮ್ಮಾರ, ಬರೇ ಬಿಳಿ ಸೆರಗು ಇತ್ತಂದ್ರ?"

"ಅದು ಭಾಳ ಮಂದೀಗೆ ಗುಳಿಗಿಲೇ ಹೋಗತೈತಿ. ಯಾರಿಗ್ರಿ?"

"ನಮ್ಮ ಮಗ್ಗಲಮನಿ ಹುಡುಗಿಗ್ರಿ. ಇಪ್ಪತ್ತೆಂಟು ವರ್ಷದಾಕಿ."

ನಮ್ಮ ಪಕ್ಕದಲ್ಲಿ ಮನೆಯೇ ಇಲ್ಲ, ಮಗ್ಗಲಿಗಿರುವುದು ಹಿಟ್ಟಿನ ಗಿರಣಿ. ನನ್ನ ರಿಪೋರ್ಟ್ ನೋಡಿದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಚೂರಷ್ಟೇ ತೆಗೆಯಿರಿ ಎಂದು ಸಹಿ ಹಾಕಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಶಾಂತಕ್ಕ ಕುಷ್ಟಗಿ ದಾಟಿದರೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ, ನಾನು ಆಸ್ಪತ್ರೆಯ ಚೀಟಿ ಮಡಚಿ ಬಿಚ್ಚುತ್ತ ಕೂತೆ. ಅವತ್ತು ಸುಮ್ಮನಿದ್ದುದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ನಿನ್ನೆ ವಿನೆಗರಿಗೆ ಹೆದರಿ ಹೊರಗೆ ಬಂದಾಗ ಶಾಂತಕ್ಕ ಕಟ್ಟೆಯ ಮೇಲೆ ಎದುರುಮನೆಯ ಸೊಸೆಯ ಕೈ ಹಿಡಿದು ಕೂತಿದ್ದಳು. ಆ ಹುಡುಗಿಗೂ ಯಾರೋ ಚೀಲ ತೆಗೆಸಲು ಹೇಳಿದ್ದರು.

"ಮೊದಲ ಕೊಪ್ಪಳಕ್ಕ ಹೋಗಿ ಕೇಳವಾ. ನಮ್ಮ ಮಗ್ಗಲಮನಿ ಹುಡುಗಿ ಒಬ್ಬಾಕಿ ಯಾರನ್ನೂ ಕೇಳದ ಚೀಲಾ ಕಳಕೊಂಡ್ಲು."

ನನ್ನನ್ನು ಕಂಡು ಶಾಂತಕ್ಕ ಮಾತು ನಿಲ್ಲಿಸಿದಳು. ನಾನು ಹೋಗಿ ಆಕೆಯ ಪಕ್ಕ ಕೂತೆ.

"ಹೌದವಾ," ಎಂದೆ, "ಆ ಹುಡುಗಿ ನನಗೂ ಗೊತ್ತು."