ಚುಕ್ಕಿ ಇಲ್ಲದ ಪಾತರಗಿತ್ತಿ

ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಯಾರ ಬಾಯಲ್ಲೂ ಚಿಟ್ಟೆ ಎಂಬ ಮಾತು ಬರುತ್ತಿರಲಿಲ್ಲ, ಪಾತರಗಿತ್ತಿ ಎನ್ನುತ್ತಿದ್ದೆವು. ಸಿಂಧನೂರಿನಿಂದ ಸಾಲಗುಂದದ ಕಡೆ ಹೋಗುವ ದಾರಿಯಲ್ಲಿ ನಮ್ಮ ಎರೆಹೊಲ. ಈಗ ಅಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರವೂ ಭತ್ತವೇ ಕಾಣುತ್ತದೆ. ಆಗ ಕಾಲುವೆ ನೀರು ನಮ್ಮ ತನಕ ಬಂದಿರಲಿಲ್ಲ. ಹೊಲದ ತುಂಬ ಜೋಳ, ಹತ್ತಿ. ಬೇವಿನ ಗಿಡದ ಹತ್ತಿರ ಒಂದು ಬಾವಿ, ಬಾವಿಯ ಪಕ್ಕ ಮನೆಮಟ್ಟಿಗೆ ಒಂದು ಮಡಿ ಉಳ್ಳಾಗಡ್ಡಿ. ಮೂಲೆಯ ಬದುವಿನ ಮೇಲೆ ಎಕ್ಕೆಗಿಡಗಳ ದೊಡ್ಡ ಮೆಳೆ. ಮಳೆಗಾಲ ಮುಗಿದು ಬಿಸಿಲು ಚುರುಗುಟ್ಟತೊಡಗಿದರೆ ಆ ಎಕ್ಕೆಹೂವಿನ ಸುತ್ತ ಕೇಸರಿ ಬಣ್ಣದ ಪಾತರಗಿತ್ತಿಗಳು ಸುಳಿದಾಡುತ್ತಿದ್ದವು. ಎಕ್ಕೆ ಹಾಲಿನ ಕಟುವಾಸನೆ, ಕಾದ ಎರೆಮಣ್ಣಿನ ವಾಸನೆ, ಆ ಕೇಸರಿ ರೆಕ್ಕೆ, ಮೂರೂ ನನಗೆ ಒಟ್ಟಿಗೇ ನೆನಪಾಗುತ್ತವೆ.

ಅವೆಲ್ಲ ಒಂದೇ ಜಾತಿಯವು ಎಂದು ಊರಿಗೆ ಊರೇ ತಿಳಿದಿತ್ತು. ಅಲ್ಲ ಎಂದವಳು ನಮ್ಮ ಅಕ್ಕ ಒಬ್ಬಳೇ. ನನಗಿಂತ ಐದಾರು ವರ್ಷ ದೊಡ್ಡವಳು, ಕಣ್ಣು ಬಲು ಚುರುಕು. ಬೇಳೆಯೊಳಗಿನ ಹರಳು ಆರಿಸುವ ಕೆಲಸವನ್ನು ಅವ್ವ ಅವಳಿಗೇ ಕೊಡುತ್ತಿದ್ದಳು. ಅದೇ ಕಣ್ಣಿನಿಂದ ಅವಳು ಪಾತರಗಿತ್ತಿಗಳನ್ನೂ ಆರಿಸಿದ್ದಳು. ಎರಡಕ್ಕೂ ಕೇಸರಿ ರೆಕ್ಕೆ, ಎರಡಕ್ಕೂ ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನೊಳಗೆ ಓರೆಯಾಗಿ ಒಂದು ಬಿಳಿ ಪಟ್ಟಿ. ಆದರೆ ಒಂದರ ಹಿಂದಿನ ರೆಕ್ಕೆಯ ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿಗಳು ಮೂರೋ ನಾಲ್ಕೋ ಗುಂಪಾಗಿ ಇರುತ್ತಿದ್ದವು. ಇನ್ನೊಂದಕ್ಕೆ ಅಲ್ಲಿ ಏನೂ ಇಲ್ಲ, ಬಟಾಬಯಲು. ರೆಕ್ಕೆಯ ಮೇಲಂಚಿನಲ್ಲಿ ಮಾತ್ರ ಒಂಟಿ ಮಚ್ಚೆ.

ಆ ವರ್ಷ ಊರಿಗೆ ಹಗಲುವೇಷದವರು ಬಂದಿದ್ದರು. ಅವರಲ್ಲೊಬ್ಬ ತಹಶೀಲ್ದಾರನ ವೇಷದಲ್ಲಿ ಅಂಗಳಕ್ಕೆ ಬಂದಾಗ ಅಪ್ಪ ಗಡಬಡಿಸಿ ಎದ್ದು ಕೈಮುಗಿದಿದ್ದ. ಅಕ್ಕ ಮಾತ್ರ ಅವನ ಕಿವಿಯ ಹಿಂದೆ ಉಳಿದಿದ್ದ ಬಣ್ಣ ಕಂಡು ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಅವತ್ತಿನಿಂದ ಚುಕ್ಕಿ ಇರುವ ಪಾತರಗಿತ್ತಿಗೆ ಚುಕ್ಕಿದಾಕಿ ಎಂದೂ ಇಲ್ಲದ್ದಕ್ಕೆ ವೇಷದಾಕಿ ಎಂದೂ ನಮ್ಮಿಬ್ಬರಲ್ಲಿ ಹೆಸರಾಯಿತು.

ಎಕ್ಕೆ ಎಲೆ ತಿನ್ನುವ ಪಟ್ಟೆಪಟ್ಟೆ ಹುಳಗಳನ್ನು ಅಕ್ಕ ಮನೆಗೆ ತಂದು ಬಾಯಿ ಒಡೆದ ಗಡಿಗೆಯಲ್ಲಿ ಸಾಕುತ್ತಿದ್ದಳು. ಅವು ಹಸಿರು ಮಣಿಯಂತೆ ಜೋತುಬಿದ್ದು ಕೆಲವು ದಿನಕ್ಕೆ ಪಾತರಗಿತ್ತಿಯಾಗಿ ಹೊರಬರುತ್ತಿದ್ದವು. ಬಂದವೆಲ್ಲ ಚುಕ್ಕಿದಾಕಿಯರೇ. ಅದನ್ನು ಅಕ್ಕನೂ ಕಂಡಿದ್ದಳು, ನಾನೂ ಕಂಡಿದ್ದೆ. ಹಾಗಾದರೆ ವೇಷದಾಕಿ ಎಲ್ಲಿ ಹುಟ್ಟುತ್ತಾಳೆ ಎಂದು ಕೇಳಿಕೊಳ್ಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ನಾನು ಹೇಳಹೊರಟ ದಿನದ ಮರುದಿನವೇ ಹೊಲಕ್ಕೆ ಡೋಜರ್ ಬರುವುದಿತ್ತು. ಮುಂದಿನ ಹಂಗಾಮಿಗೆ ಕಾಲುವೆ ನೀರು ಬರುತ್ತದೆ, ಭತ್ತ ಹಚ್ಚಬೇಕು, ಅದಕ್ಕೆ ಹೊಲ ಮಟ್ಟವಾಗಬೇಕು ಎಂದು ಅಪ್ಪ ತಿಂಗಳಿನಿಂದ ಓಡಾಡುತ್ತಿದ್ದ. ಬದು, ಮೆಳೆ, ಮಡಿ ಎಲ್ಲವೂ ಸಾಪಾಗಬೇಕಿತ್ತು. ಎಕ್ಕೆ ಹೋಗುತ್ತದೆ ಎಂದು ತಿಳಿದಾಗಿನಿಂದ ಅಕ್ಕನ ಮುಖ ಸಣ್ಣದಾಗಿತ್ತು. ಊಟಕ್ಕೆ ಕುಳಿತರೆ ರೊಟ್ಟಿ ಮುರಿಯುತ್ತಲೇ ಇರುತ್ತಿದ್ದಳು, ಬಾಯಿಗೆ ಹೋಗುತ್ತಿರಲಿಲ್ಲ.

ಮುಂಜಾನೆ ಅವ್ವ ಅಂಗಳದಲ್ಲಿ ಮೊರ ಇಟ್ಟುಕೊಂಡು ಗೋಣಿಸೊಪ್ಪು ಸೋಸುತ್ತಿದ್ದಳು. ಉಳ್ಳಾಗಡ್ಡಿ ಮಡಿಯಲ್ಲಿ ಯಾರೂ ಬಿತ್ತದೆ ತಾನಾಗಿ ಹಬ್ಬುವ, ಕೆಂಪು ದಂಟಿನ, ದಪ್ಪ ಎಲೆಯ ಸೊಪ್ಪು ಅದು. ಬೇಳೆ ಹಾಕಿ ಪಲ್ಯ ಮಾಡಿದರೆ ತುಸು ಹುಳಿ, ರೊಟ್ಟಿಗೆ ಬಲು ರುಚಿ. ಸೊಪ್ಪಿನೊಳಗಿಂದ ಒಂದು ಕರಿಹುಳ ಹರಿದು ಬಂತು. ಮೈತುಂಬ ಮುಳ್ಳು. ನಾನು ಹೌಹಾರಿ ಹಿಂದೆ ಸರಿದೆ. ಅಕ್ಕ ಅದನ್ನು ಕಡ್ಡಿಯಿಂದ ಎತ್ತಿ, ಪಕ್ಕದ ಮನೆಯಿಂದ ಬಂದಿದ್ದ ಕೋಳಿಯ ಮುಂದೆ ಒಗೆದಳು. ಕೋಳಿ ಕುಕ್ಕಿ ನುಂಗಿತು. ಅವಳು ಸಾಕುವ ಹುಳಗಳು ಬಣ್ಣದವು, ನುಣುಪಾದವು. ಇಂಥ ಕುರೂಪಿ ಹುಳದ ಮೇಲೆ ಅವಳಿಗೂ ಮಮತೆ ಇರಲಿಲ್ಲ.

ಮಧ್ಯಾಹ್ನ ಇಬ್ಬರೂ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆವು. ಅಪ್ಪ ಬೇವಿನ ನೆರಳಲ್ಲಿ ಕುಳಿತು ರೊಟ್ಟಿ ಮುರಿದು ಅದೇ ಗೋಣಿಸೊಪ್ಪಿನ ಪಲ್ಯ ಹಚ್ಚಿಕೊಂಡು ಉಂಡ. ಅವನು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಳ್ಳುವ ತನಕ ಅಕ್ಕ ಸುಮ್ಮನೆ ಕಾದಳು. ಅಪ್ಪನ ಹತ್ತಿರ ಏನು ಕೇಳುವುದಿದ್ದರೂ ಅವನ ಹೊಟ್ಟೆ ತುಂಬಿದ ಮೇಲೆ ಕೇಳಬೇಕು ಎಂಬುದು ನಮ್ಮ ಮನೆಯ ಕಾಯಿದೆ. ಆಮೇಲೆ ಮೆಲ್ಲಗೆ, ಎಕ್ಕೆ ಮೆಳೆಯೊಂದನ್ನು ಉಳಿಸು, ಅಲ್ಲಿ ಎರಡು ಜಾತಿಯ ಪಾತರಗಿತ್ತಿ ಇವೆ ಎಂದಳು. ಅಪ್ಪ ನಕ್ಕುಬಿಟ್ಟ.

“ಎಲ್ಲಾ ಒಂದ ಜಾತಿ ಅದಾವ ಬಿಡವ್ವ. ವಯಸ್ಸಾದವಕ್ಕ ಚುಕ್ಕಿ ಅಳಿಸಿ ಹೋಗಿರ್ತಾವ.”

ಅಕ್ಕ ಜಗ್ಗಲಿಲ್ಲ. ಯಾವುದಕ್ಕೆ ಚುಕ್ಕಿ ಇದೆ, ಯಾವುದಕ್ಕಿಲ್ಲ ಎಂದು ಕುಳಿತಲ್ಲಿಂದಲೇ ಹೇಳುತ್ತೇನೆ, ನೀನು ಹಿಡಿದು ನೋಡು ಎಂದಳು. ಅಪ್ಪನಿಗೂ ಹುಮ್ಮಸ್ಸು ಬಂತು. ಅವಳು ಹೇಳಿದ್ದು ನಿಜವಾದರೆ ಮೆಳೆ ಉಳಿಯುತ್ತದೆ, ತಪ್ಪಿದರೆ ಮತ್ತೆ ಅದರ ಸುದ್ದಿ ಎತ್ತಬಾರದು ಎಂದು ಷರತ್ತು ಹಾಕಿದ. 

ಎಕ್ಕೆಹೂವಿನ ಸುತ್ತ ಎರಡು ಪಾತರಗಿತ್ತಿ ಹಾರಾಡುತ್ತಿದ್ದವು. ಅಷ್ಟು ದೂರದಿಂದ ಚುಕ್ಕಿ ಕಾಣುವ ಮಾತೇ ಇಲ್ಲ. ಅಕ್ಕ ಕಣ್ಣು ಕಿರಿದು ಮಾಡಿ ಅವು ಹಾರುವ ರೀತಿಯನ್ನೇ ನೋಡಿದಳು. ಒಂದು, ಹಬ್ಬದೂಟ ಮುಗಿಸಿ ಮನೆಗೆ ಹೊರಟವರ ಹಾಗೆ ನಿಧಾನವಾಗಿ ಹಾರುತ್ತಿತ್ತು. ಪಕ್ಕದ ಟೊಂಗೆಯಲ್ಲಿ ಹಕ್ಕಿ ಕುಳಿತಿದ್ದರೂ ಅದಕ್ಕೆ ಲೆಕ್ಕವಿಲ್ಲ. ಇನ್ನೊಂದೂ ಹಾಗೇ ತೇಲಲು ನೋಡುತ್ತಿತ್ತು, ಆದರೆ ನಡುನಡುವೆ ಗಡಬಡಿಸಿ ತನ್ನ ಗುಟ್ಟು ಬಿಟ್ಟುಕೊಡುತ್ತಿತ್ತು.

“ಬಲಕ್ಕ ಇರಾಕಿ ಚುಕ್ಕಿದಾಕಿ. ಎಡಕ್ಕ ಇರಾಕಿ ವೇಷದಾಕಿ. ಹೋಗಿ ನೋಡಪ್ಪ.”

ಅಪ್ಪ ಹೆಗಲ ಮೇಲಿನ ವಲ್ಲಿಬಟ್ಟೆ ಹರವಿ ಬಲಗಡೆಯದನ್ನು ಹಿಡಿದು ನನ್ನ ಕೈಗೆ ಕೊಟ್ಟ. ರೆಕ್ಕೆ ಜೋಡಿಸಿ ಎರಡು ಬೆರಳಲ್ಲಿ ಹಿಡಿದುಕೊಂಡೆ. ಬೆರಳಿಗೆ ಅರಿಶಿನದಂಥ ಪುಡಿ ಹತ್ತಿತು. ಅದಕ್ಕೆ ಚುಕ್ಕಿ ಇದ್ದವು. ಎಡಗಡೆಯದು ಬಹಳ ಆಟ ಆಡಿಸಿ ಕೊನೆಗೆ ವಲ್ಲಿಯೊಳಗೆ ಸಿಕ್ಕಿತು. ಅದಕ್ಕೆ ಚುಕ್ಕಿ ಇರಲಿಲ್ಲ. ಆದರೂ ಅಪ್ಪ ಸೋಲೊಪ್ಪದೆ, ಅಳಿಸಿರಬೇಕು ಎಂದೇ ಗೊಣಗಿದ. ಆಗ ಅಕ್ಕ ಎರಡನ್ನೂ ತೆಗೆದುಕೊಂಡು ಅವನ ಕಣ್ಣ ಮುಂದೆ ಹಿಡಿದಳು. ಚುಕ್ಕಿದಾಕಿಯ ರೆಕ್ಕೆಯಂಚು ಹರಿದಿತ್ತು, ಬಣ್ಣ ಮಾಸಿತ್ತು. ವೇಷದಾಕಿ ಆಗತಾನೆ ಹುಟ್ಟಿದಂತೆ ಹೊಳೆಯುತ್ತಿದ್ದಳು.

“ಹಳೇದಕ್ಕ ಚುಕ್ಕಿ ಅದಾವ, ಹೊಸಾದಕ್ಕ ಇಲ್ಲ. ಅಳಿಸೋದಿದ್ರ ಹಳೇದರದ್ದ ಅಳಿಸಬೇಕಿತ್ತಲ್ಲಪ್ಪ?”

ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಹಗಲುವೇಷದ ತಹಶೀಲ್ದಾರನಿಗೆ ಮುಗಿದ ಹಾಗೆಯೇ ಅಕ್ಕನಿಗೂ ಕೈಮುಗಿದ. ಎರಡನ್ನೂ ಹಾರಿಬಿಟ್ಟೆವು. ಮೆಳೆ ಉಳಿಯಿತು. ನಮ್ಮ ಅಪ್ಪ ಗೆದ್ದಾಗ ಜುಗ್ಗ, ಸೋತಾಗ ಧಾರಾಳಿ. ಬೇವಿನ ನೆರಳಿಗೆ ಮರಳಿ, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ ಅವನೇ ಕೇಳಿದ.

“ಇನ್ನೇನರ ಬಿಡಬೇಕೇನವ್ವ? ಈಗ ಹೇಳಿಬಿಡು. ನಾಳೆ ಡೋಜರ್ ಬಂದಮ್ಯಾಲ ನನ್ನ ಕೈಯಾಗ ಏನೂ ಇರಂಗಿಲ್ಲ.”

ಅಕ್ಕ ಸುತ್ತ ಕಣ್ಣು ಹಾಯಿಸಿದಳು. ಪಕ್ಕದಲ್ಲೇ ಉಳ್ಳಾಗಡ್ಡಿ ಕಿತ್ತ ಮಡಿ. ಅದರ ತುಂಬ ನೆಲ ಕಾಣದಂತೆ ಗೋಣಿಸೊಪ್ಪು ಹಬ್ಬಿತ್ತು. ನಡುವಿನ ಒಂದು ಮಣ್ಣಹೆಂಟೆಯ ಮೇಲೆ ಕರಿ ಪಾತರಗಿತ್ತಿಯೊಂದು ಕುಳಿತಿತ್ತು, ರೆಕ್ಕೆಗಳಲ್ಲಿ ದುಂಡನೆಯ ಬಿಳಿ ಮಚ್ಚೆ. ಯಾವಾಗಲೂ ಆ ಮಡಿಯಲ್ಲೇ ಕುಳಿತು, ಹಾದುಹೋದದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿದ್ದ ಅದಕ್ಕೆ ನಾವು ಕಾವಲುಗಾರ ಎಂದು ಹೆಸರಿಟ್ಟಿದ್ದೆವು. ಅಕ್ಕ ಅದನ್ನೂ ನೋಡಿದಳು, ಸೊಪ್ಪನ್ನೂ ನೋಡಿದಳು.

“ಇಷ್ಟ ಸಾಕಪ್ಪ,” ಎಂದಳು.

ಮರುದಿನ ಡೋಜರ್ ಬಂತು. ಎಕ್ಕೆ ಮೆಳೆಯನ್ನು ಬಳಸಿಕೊಂಡು ಬದು ಹೊರಗೆ ಉಬ್ಬಿ ನಿಂತಿತು. ನಿಮ್ಮ ಬದು ಬಸುರಿಯಾಗಿದೆ ಎಂದು ಪಕ್ಕದ ಹೊಲದವರು ಅಪ್ಪನನ್ನು ಕಾಡಿಸಿದರು. ಉಳ್ಳಾಗಡ್ಡಿ ಮಡಿ ಎಲ್ಲಿತ್ತೆಂದು ಗುರುತು ಕೂಡ ಸಿಗಲಿಲ್ಲ. ನೀರು ಬಂತು, ಭತ್ತ ಬಂತು, ಹಬ್ಬಕ್ಕೆ ಮಾತ್ರ ಉಣ್ಣುತ್ತಿದ್ದ ಅನ್ನವನ್ನು ದಿನವೂ ಉಂಡೆವು. ಕಾಲುವೆಯನ್ನು ಬೈಯುವ ಬಾಯಿ ನನಗಿಲ್ಲ.

ಮುಂದಿನ ವರ್ಷ ಅದೇ ಬಿಸಿಲಿಗೆ ಮೆಳೆಯ ತುಂಬ ಚುಕ್ಕಿದಾಕಿಯರು ಬಂದರು. ವೇಷದಾಕಿ ಬರಲಿಲ್ಲ. ಕಾವಲುಗಾರನೂ ಬರಲಿಲ್ಲ. ಅಕ್ಕ ದಿನವೂ ಹೋಗಿ ಒಂದೊಂದರ ರೆಕ್ಕೆ ನೋಡಿ ಬರುತ್ತಿದ್ದಳು. ಗಿಡ ಉಳಿಸಿದ್ದೇವಲ್ಲ, ಮತ್ತೇಕೆ ವೇಷದಾಕಿ ಮುನಿಸಿಕೊಂಡಳು ಎಂದು ನನ್ನನ್ನು ಕೇಳುತ್ತಿದ್ದಳು, ನನಗೇನೋ ಗೊತ್ತಿರುವ ಹಾಗೆ. ಮದುವೆಯಾಗಿ ಮಸ್ಕಿಗೆ ಹೋದ ಮೇಲೂ ತವರಿಗೆ ಬಂದಾಗಲೆಲ್ಲ ಕಾಲು ತೊಳೆಯುವ ಮೊದಲೇ ಬದುವಿಗೆ ಹೋಗಿ ಬರುತ್ತಿದ್ದಳು. 

ಕಳೆದ ದೀಪಾವಳಿಗೆ ಲಿಂಗಸುಗೂರಿನಿಂದ ಮೊಮ್ಮಗಳು ಬಂದಿದ್ದಳು. ಮೆಳೆ ಇನ್ನೂ ಇದೆ. ಅಲ್ಲಿಗೆ ಕರೆದೊಯ್ದು ಈ ಕಥೆ ಹೇಳಿದೆ. ಅವಳು ಒಂದು ಚುಕ್ಕಿದಾಕಿಯ ಫೋಟೊ ತೆಗೆದ ಗಳಿಗೆಯಲ್ಲಿ ಫೋನಿನ ಪರದೆಯ ಮೇಲೆ ಎರಡೂ ಪಾತರಗಿತ್ತಿಯ ಚಿತ್ರಗಳು ಅಕ್ಕಪಕ್ಕ ಬಂದು ನಿಂತವು. ಚುಕ್ಕಿದಾಕಿಯ ಮೈಯಲ್ಲಿ ಎಕ್ಕೆ ಹಾಲಿನ ವಿಷ ಇರುವುದರಿಂದ ಹಕ್ಕಿಗಳು ಅವಳನ್ನು ಮುಟ್ಟುವುದಿಲ್ಲವಂತೆ. ಹಕ್ಕಿಯನ್ನು ಮೋಸಗೊಳಿಸಿ ಜೀವ ಉಳಿಸಿಕೊಳ್ಳಲು ಇನ್ನೊಂದು ಅವಳದೇ ವೇಷ ಹಾಕುತ್ತದಂತೆ. ನಮ್ಮ ಕಾವಲುಗಾರ ಬೇರೆ ಯಾರೂ ಅಲ್ಲ, ವೇಷದಾಕಿಯ ಗಂಡ. ಕೊನೆಗೆ ಅವಳ ಮರಿಹುಳದ ಚಿತ್ರ ಬಂತು. ಕಪ್ಪು ಮೈ, ತುಂಬ ಮುಳ್ಳು. ತಿನ್ನುವುದು ಗೋಣಿಸೊಪ್ಪು ಎಂದು ಮೊಮ್ಮಗಳು ಓದಿದಳು. ಆ ಅಂಗಳ, ಅವ್ವನ ಮೊರ, ಪಕ್ಕದ ಮನೆಯ ಕೋಳಿ ಎಲ್ಲವೂ ಒಮ್ಮೆಲೇ ನನ್ನ ಕಣ್ಣೆದುರು ಬಂದವು. 

ಸಂಜೆ ಮಸ್ಕಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ.  ಕೋಳಿಯ ನೆನಪಾಗಿ ನೊಂದಳೇನೋ ಎಂದು, ಒಂದು ಹುಳದಿಂದ ಏನು ಹೋಗುತ್ತಿತ್ತು ಬಿಡು ಎಂದು ಸಮಾಧಾನ ಮಾಡಿದೆ.

“ಹುಳದ ಮಾತಲ್ಲೋ ತಮ್ಮ. ಅಪ್ಪ ಕೇಳಿದ್ನಲ್ಲ, ಇನ್ನೇನರ ಬಿಡಬೇಕೇನಂತ. ಆ ಮಡಿ ಬಿಡಪ್ಪ ಅಂದಿದ್ರ ಬಿಡ್ತಿದ್ದ. ಕೊಡಾಂವ ಕೇಳಿದ್ದ, ನಾ ಸಾಕಂದೆ.”

 

ಸಿಂಧನೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಹಳೆಯ ಬಕೆಟ್ಟಿನಲ್ಲಿ ಮೊಮ್ಮಗಳು ಗೋಣಿಸೊಪ್ಪು ಹಚ್ಚಿ ಹೋಗಿದ್ದಾಳೆ. ಅಕ್ಕನೂ ಮಸ್ಕಿಯ ಹಿತ್ತಲಲ್ಲಿ ಅದನ್ನು ಕೀಳುವುದು ಬಿಟ್ಟಿದ್ದಾಳೆ. ಆಗಾಗ ಫೋನ್ ಮಾಡಿ, ಚುಕ್ಕಿ ಇಲ್ಲದವಳು ಬಂದಳೇನೋ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎನ್ನುತ್ತೇನೆ. ಸೊಪ್ಪಿಗೆ ನೀರು ಹಾಕು ಎಂದು ಹೇಳಿ ಇಡುತ್ತಾಳೆ.

ಮಕ್ಕಳೇ, ನಿಮ್ಮ ಕಾಲ ನಮ್ಮದಕ್ಕಿಂತ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಾವು ಮುಪ್ಪಾಗುವ ತನಕ ತಿಳಿಯದೇ ಉಳಿದದ್ದು ನಿಮಗೆ ಕುಳಿತಲ್ಲೇ ತಿಳಿಯುತ್ತದೆ. ಯಾವ ರೆಕ್ಕೆಗೆ ಯಾವ ಚುಕ್ಕಿ, ಯಾವ ಹುಳಕ್ಕೆ ಯಾವ ಸೊಪ್ಪು, ಎಲ್ಲ ನಿಮ್ಮ ಅಂಗೈಯಲ್ಲೇ ಇದೆ. ಆದರೆ ಡೋಜರ್ ಬರುವ ಹಿಂದಿನ ದಿನ ನಿಮ್ಮನ್ನು ನೆರಳಲ್ಲಿ ಕೂರಿಸಿಕೊಂಡು, ಇನ್ನೇನು ಬಿಡಬೇಕು ಎಂದು ಕೇಳುವವರು ಈಗ ಯಾರಿದ್ದಾರೆ? ನಮ್ಮನ್ನು ಅಪ್ಪ ಕೇಳಿದ್ದ. ಆಗ ನಮಗೆ ಉತ್ತರ ಗೊತ್ತಿರಲಿಲ್ಲ.